ಗುಜರಿ ಸ್ಪೀಕರ್‌ಗಳಿಂದ ಗಿಟಾರ್ ಆಂಪ್: ಯಾವುದಕ್ಕೆ ಯಾವುದು ಜೋಡಿ?

ಕಾಳಿ ದಂಡೆ (ಕೋಡಿಬಾಗ, ಕಾರವಾರ)

ಎಲ್ಲರಿಗೂ ನಮಸ್ಕಾರ. ಮನೆಯಲ್ಲೇ ಒಂದು ಗಿಟಾರ್ ಆಂಪ್ ಮಾಡುತ್ತಿದ್ದೇನೆ. ಬೋರ್ಡ್ ಸಿದ್ಧವಾಗಿದೆ. ಸದ್ದು ಹಿಗ್ಗಿಸುವ ಟಿಡಿಎ2030 ಐಸಿ, ನಡುವಿನಿಂದ ಎರಡೂ ಕಡೆ 12 ವೋಲ್ಟ್ ಕೊಡುವ 12-0-12 ಟ್ರಾನ್ಸ್‌ಫಾರ್ಮರ್, ಮುಂದೆ ಗಿಟಾರಿನ ಸಣ್ಣ ಸಿಗ್ನಲ್ಲನ್ನು ಮೊದಲು ಹಿಗ್ಗಿಸುವ ಒಂದು ಚಿಕ್ಕ ಪ್ರೀಆಂಪ್. ಹಳೇ ರೇಡಿಯೋದ ಪುಟ್ಟ ಸ್ಪೀಕರ್ ಹಾಕಿ ನೋಡಿದೆ, ಗುಂಯ್ ಅನ್ನುವ ಸದ್ದಿಲ್ಲ, ಗಿಟಾರ್ ಸ್ವಚ್ಛವಾಗಿ ಕೇಳಿಸುತ್ತದೆ. ಈಗ ದೊಡ್ಡ ಸ್ಪೀಕರ್ ಬೇಕು. ಹೊಸ ಗಿಟಾರ್ ಸ್ಪೀಕರ್ ಕೊಳ್ಳುವಷ್ಟು ದುಡ್ಡಿಲ್ಲ. ಎರಡು ವರ್ಷದಿಂದ ಸಿಕ್ಕಿದ್ದನ್ನೆಲ್ಲ ಕೂಡಿಟ್ಟಿದ್ದೇನೆ.

ಹಳೇ ಡಬ್ಬಾ ಟಿವಿಯಿಂದ ತೆಗೆದ ಎರಡು ಉದ್ದುದ್ದ ಸ್ಪೀಕರ್ ಇವೆ. ಬೆನ್ನ ಮೇಲೆ 16 ಓಮ್, 5 ವಾಟ್ ಎಂದಿದೆ. ಮೀಟರ್ 13.2 ತೋರಿಸುತ್ತದೆ. ಅಜ್ಜಿ ಮನೆಯ ವಾಲ್ವ್ ರೇಡಿಯೋದ 8 ಇಂಚಿನದು ಒಂದು. ಅದರ ಮೈಗೆ ಸಣ್ಣ ಟ್ರಾನ್ಸ್‌ಫಾರ್ಮರ್ ಕಚ್ಚಿಕೊಂಡಿದೆ, ಮೀಟರ್ 410 ಎನ್ನುತ್ತದೆ! ಕಾರಿನ 6 ಇಂಚಿನದು ಒಂದು, 4 ಓಮ್, ನಡುವೆ ಮೇಲಿನ ಸ್ವರಗಳಿಗಾಗಿ ಪುಟ್ಟ ಟ್ವೀಟರ್. ಕೊನೆಯದು ಕೆಡವಿದ ಸಭಾಭವನದಿಂದ ಗುಜರಿಗೆ ಬಂದಿದ್ದ ಉದ್ದನೆಯ ಕಾಲಂ ಬಾಕ್ಸ್. ಅದರಿಂದ ಎರಡೇ ತಂತಿ ಹೊರಗೆ ಬಂದಿವೆ, ಮೀಟರ್ 38 ತೋರಿಸುತ್ತದೆ. ಒಳಗೆ ಏನಿದೆ ನೋಡಿಲ್ಲ, ಬೂಸಲು ವಾಸನೆ ಮಾತ್ರ ಜೋರಾಗಿದೆ.

ಎಲ್ಲವನ್ನೂ ಪ್ಯಾರಲಲ್, ಅಂದರೆ ಎಲ್ಲದರ ತಂತಿಯನ್ನೂ ಆಂಪಿನ ಅದೇ ಎರಡು ಟರ್ಮಿನಲ್ಲಿಗೆ, ಹಾಕಿಬಿಟ್ಟರೆ ಸದ್ದು ಜಾಸ್ತಿ ಬರುತ್ತದೆ ಅಲ್ವಾ? ಹಾಗೆ ಮಾಡಬಹುದೇ?

ಟಿವಿ ರಿಪೇರಿ (ಅಂಕೋಲಾ)

ದಯವಿಟ್ಟು ಹಾಗೆ ಹಾಕಬೇಡಿ. ಮೊದಲು ಪ್ರತಿಯೊಂದೂ ಏನು ಅಂತ ತಿಳಿಯೋಣ.

ಮೀಟರ್ ತೋರಿಸುವುದು ತಂತಿಯ ಡಿಸಿ ರೆಸಿಸ್ಟೆನ್ಸ್. ಬೆನ್ನ ಮೇಲೆ ಬರೆದದ್ದು ಇಂಪೀಡೆನ್ಸ್, ಅಂದರೆ ಸದ್ದಿನ ಎಸಿ ಕರೆಂಟಿಗೆ ಸ್ಪೀಕರ್ ಒಡ್ಡುವ ತಡೆ. ಮೀಟರಿನ ಅಂಕಿ ಯಾವಾಗಲೂ ಸ್ವಲ್ಪ ಕಡಿಮೆ ಇರುತ್ತದೆ. 4 ಓಮಿನದು ಸಾಮಾನ್ಯವಾಗಿ 3ರಿಂದ 3.6 ತೋರಿಸುತ್ತದೆ. 8 ಓಮಿನದು 5.5ರಿಂದ 7. 16 ಓಮಿನದು 11ರಿಂದ 13.5. ನಿಮ್ಮ ಟಿವಿ ಸ್ಪೀಕರ್‌ಗಳ 13.2 ಸರಿಯಾಗಿದೆ. ಅಳೆಯುವ ಮೊದಲು ಮೀಟರಿನ ಎರಡು ಕಡ್ಡಿ ಒಂದಕ್ಕೊಂದು ಮುಟ್ಟಿಸಿ ನೋಡಿ. ಅಲ್ಲಿ 0.4 ಬಂದರೆ ಅದನ್ನು ಕಳೆಯಬೇಕು. 4 ಓಮಿನ ಸ್ಪೀಕರ್ ಅಳೆಯುವಾಗ ಇದು ದೊಡ್ಡ ವ್ಯತ್ಯಾಸ.

410 ಎಂದರೆ ನೀವು ಅಳೆದದ್ದು ಸ್ಪೀಕರ್ ಅಲ್ಲ, ಟ್ರಾನ್ಸ್‌ಫಾರ್ಮರಿನ ಪ್ರೈಮರಿ, ಅಂದರೆ ಒಳಬರುವ ಕಡೆಯ ಸುರುಳಿ. ವಾಲ್ವ್ ರೇಡಿಯೋದಲ್ಲಿ ಔಟ್‌ಪುಟ್ ಟ್ರಾನ್ಸ್‌ಫಾರ್ಮರನ್ನು ಸ್ಪೀಕರಿನ ಚೌಕಟ್ಟಿಗೇ ಬಿಗಿಯುತ್ತಿದ್ದರು. ಸ್ಪೀಕರಿಗೆ ಹೋಗುವ ಎರಡು ತಂತಿ ಬಿಡಿಸಿ, ಕೋನಿನ (ಅಲ್ಲಾಡುವ ಕಾಗದದ ಬಟ್ಟಲಿನ) ಟರ್ಮಿನಲ್ ಮೇಲೆ ನೇರವಾಗಿ ಅಳೆಯಿರಿ. 3 ಓಮ್ ಸುತ್ತಮುತ್ತ ಬರುತ್ತದೆ ಅಂದುಕೊಳ್ಳುತ್ತೇನೆ. ಇನ್ನೊಂದು ಮಾತು. ತೀರಾ ಹಳೇ ರೇಡಿಯೋಗಳಲ್ಲಿ ಮ್ಯಾಗ್ನೆಟ್ ಬದಲು ದೊಡ್ಡ ತಂತಿಯ ಸುರುಳಿ ಇರುತ್ತದೆ. ಅದಕ್ಕೆ ಬೇರೆಯಾಗಿ ಡಿಸಿ ಕೊಟ್ಟರೆ ಮಾತ್ರ ಅದು ಮ್ಯಾಗ್ನೆಟ್ ಆಗುತ್ತದೆ. ನಿಮ್ಮದು ಅಂಥದ್ದೋ ಅಂತ ತಿಳಿಯಲು ಹಿಂದಿನ ಉಬ್ಬಿದ ಭಾಗಕ್ಕೆ ಸ್ಕ್ರೂಡ್ರೈವರ್ ತಾಗಿಸಿ. ಗಟ್ಟಿಯಾಗಿ ಎಳೆದರೆ ಕಾಯಂ ಮ್ಯಾಗ್ನೆಟ್, ಕೆಲಸಕ್ಕೆ ಬರುತ್ತದೆ.

ಕಾಲಂ ಬಾಕ್ಸಿನ 38 ಕೂಡ ಟ್ರಾನ್ಸ್‌ಫಾರ್ಮರೇ ಇರಬೇಕು. ಸಭಾಭವನದ ಮೈಕ್‌ಸೆಟ್ ಅಂದರೆ 100 ವೋಲ್ಟ್ ಲೈನ್: ಉದ್ದ ತಂತಿಯಲ್ಲಿ ಹೆಚ್ಚಿನ ವೋಲ್ಟೇಜಿನಲ್ಲಿ ಸದ್ದು ಕಳಿಸಿ, ಪ್ರತಿ ಬಾಕ್ಸಿನೊಳಗೆ ಟ್ರಾನ್ಸ್‌ಫಾರ್ಮರಿನಿಂದ ಇಳಿಸುತ್ತಾರೆ. ಮುಚ್ಚಳ ತೆಗೆಯಿರಿ.

ಮೈಕ್‌ಸೆಟ್ (ಕುಮಟಾ)

ಮೇಲೆ ಹೇಳಿದ್ದು ನೂರಕ್ಕೆ ನೂರು ಸರಿ. ಎಲ್ಲ ಪ್ಯಾರಲಲ್ ಹಾಕಿದರೆ ಏನಾಗುತ್ತದೆ ಅಂತ ನಾನು ಕಣ್ಣಾರೆ ಕಂಡಿದ್ದೇನೆ.

ಹಲವು ವರ್ಷದ ಹಿಂದಿನ ಮಾತು. ಗದ್ದೆಯಲ್ಲಿ ಬಯಲಾಟ. ಜನ ನಿರೀಕ್ಷೆಗಿಂತ ಜಾಸ್ತಿ ಬಂದರು, ಹಿಂದಿನವರಿಗೆ ಕೇಳುತ್ತಿಲ್ಲ ಎಂದರು. ನಾನೇ ಎರಡು ಬಾಕ್ಸ್ ತಂದು ಅದೇ ಟರ್ಮಿನಲ್ಲಿಗೆ ಸೇರಿಸಿದೆ. ನಾಲ್ಕು 8 ಓಮ್ ಬಾಕ್ಸ್ ಪ್ಯಾರಲಲ್, ಅಂದರೆ 2 ಓಮ್. ಆಂಪಿಗೆ ಬೇಕಾದದ್ದು ಕನಿಷ್ಠ 4. ಮೊದಲ ಎರಡು ಗಂಟೆ ಚೆನ್ನಾಗೇ ಹೋಯಿತು. ರಾತ್ರಿ ಎರಡರ ಹೊತ್ತಿಗೆ ರಾಕ್ಷಸ ವೇಷದ ಪ್ರವೇಶ, ಚಂಡೆ ಏರಿತು, ಆಂಪ್ ಸತ್ತಿತು. ಔಟ್‌ಪುಟ್ ಟ್ರಾನ್ಸಿಸ್ಟರ್ ಹೋಗಿತ್ತು. ಭಾಗವತರು ಬೆಳಗಿನವರೆಗೆ ಮೈಕ್ ಇಲ್ಲದೆ ಹಾಡಿದರು. ಅವರ ಗಂಟಲಿನ ಮೇಲೆ ನನ್ನ ತಪ್ಪಿನ ಭಾರ ಬಿತ್ತು ಅನ್ನುವುದು ಇವತ್ತಿಗೂ ನನ್ನ ಮನಸ್ಸಿನಲ್ಲಿದೆ. ಅಂದಿನಿಂದ ಓಮ್ ಲೆಕ್ಕ ಬರೆಯದೆ ಒಂದು ತಂತಿಯನ್ನೂ ಸಿಕ್ಕಿಸಿಲ್ಲ.

ನಿಮ್ಮ ಕಾಲಂ ಬಾಕ್ಸನ್ನು ಜೋಪಾನ ಮಾಡಿ. ನಿಮ್ಮ ಇಡೀ ರಾಶಿಯಲ್ಲಿ ಬೆಲೆ ಇರುವುದು ಅದಕ್ಕೇ. ಅದರೊಳಗೆ ಒಂದೇ ಕಂಪನಿಯ, ಒಂದೇ ಅಳತೆಯ, ಒಂದೇ ವಯಸ್ಸಿನ ನಾಲ್ಕು ಸ್ಪೀಕರ್ ಇರುತ್ತವೆ. ಗುಜರಿಯಲ್ಲಿ ಒಳ್ಳೆಯ ಸ್ಪೀಕರ್ ಒಂದು ಸಿಗುವುದು ಕಷ್ಟವಲ್ಲ. ಜೋಡಿ ಸಿಗುವುದು ಕಷ್ಟ. ಮಾತು ಕೇಳಿಸಲು ಮಾಡಿದ ಸ್ಪೀಕರ್ ಆದ್ದರಿಂದ ಕೋನ್ ಹಗುರ ಇರುತ್ತದೆ, ಕಡಿಮೆ ವಾಟಿಗೆ ಜೋರಾಗಿ ಕೂಗುತ್ತದೆ. ಗಿಟಾರಿಗೂ ಅದೇ ಬೇಕು.

ಕಾಳಿ ದಂಡೆ

ತೆರೆದೆ! ನಾಲ್ಕು 6 ಇಂಚಿನ ಸ್ಪೀಕರ್, ಎಲ್ಲ ಒಂದೇ ಥರ. ಅಂಚು ಫೋಮ್ ಅಲ್ಲ, ಬಟ್ಟೆ. ಕೋನಿನ ಮೇಲೆ ಬಿಳಿ ಬೂಸಲು ಹತ್ತಿದೆ, ಹರಿದಿಲ್ಲ. ಮೂಲೆಯಲ್ಲಿ ಲೈನ್ ಟ್ರಾನ್ಸ್‌ಫಾರ್ಮರ್ ಇತ್ತು, ಬಿಡಿಸಿದೆ. ಅಳತೆ: 6.4, 6.5, 6.3. ನಾಲ್ಕನೆಯದು ಏನೂ ತೋರಿಸುತ್ತಿಲ್ಲ.

ರೇಡಿಯೋ ಸ್ಪೀಕರ್ 3.1. ಕಾಯಂ ಮ್ಯಾಗ್ನೆಟ್ಟೇ. ಕಾರಿನದು 3.4.

ಶಿರಸಿ ಮೇಷ್ಟ್ರು

ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳುತ್ತೇನೆ. ಹತ್ತನೇ ತರಗತಿಯ ಓಮನ ನಿಯಮ ಇಷ್ಟು ಚೆನ್ನಾಗಿ ಉಪಯೋಗಕ್ಕೆ ಬರುವ ಜಾಗ ಇನ್ನೊಂದಿಲ್ಲ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಬೇಡಿ.

ಮೊದಲು ನಿಮ್ಮ ಪ್ರಶ್ನೆ. ಎರಡು 16 ಓಮ್ ಪ್ಯಾರಲಲ್ ಆದರೆ 8. ಅದಕ್ಕೆ ಕಾರಿನ 4, ರೇಡಿಯೋದ ಸುಮಾರು 4, ಕಾಲಮ್ಮಿನ ನಾಲ್ಕೂ ಸೇರಿ 8 ಎಂದು ಇಟ್ಟುಕೊಳ್ಳಿ. ಎಲ್ಲ ಪ್ಯಾರಲಲ್ ಹಾಕಿದರೆ 1.33 ಓಮ್. ನಿಮ್ಮ ಟಿಡಿಎ2030ಗೆ 4ಕ್ಕಿಂತ ಕೆಳಗೆ ಹೋಗಬಾರದು. ಐಸಿ ಒಳಗೆ ಕರೆಂಟ್ ಮಿತಿ, ಬಿಸಿ ಮಿತಿ ಎರಡೂ ಇವೆ, ಹಾಗಾಗಿ ತಕ್ಷಣ ಸುಡಲಿಕ್ಕಿಲ್ಲ. ಆದರೆ ಜೋರಾಗಿ ಬಾರಿಸಿದಾಗಲೆಲ್ಲ ಸದ್ದು ಕರಕರ ಒಡೆಯುತ್ತದೆ, ಮತ್ತೆ ಮತ್ತೆ ಕಾದು ಬಾಯಿ ಮುಚ್ಚುತ್ತದೆ.

ಈಗ ಬೇರೆ ಬೇರೆ ಓಮಿನ ಸ್ಪೀಕರ್ ಬೆರೆಸುವ ವಿಷಯ. ಇಲ್ಲಿ ಬಹಳ ಜನ ತಪ್ಪುತ್ತಾರೆ. ಒಟ್ಟು ಓಮ್ ಸರಿ ಬಂದರೆ ಸಾಕು ಅಂದುಕೊಳ್ಳುತ್ತಾರೆ. ಸಾಲದು. ಯಾರಿಗೆ ಎಷ್ಟು ವಾಟ್ ಹೋಗುತ್ತದೆ ಅಂತ ನೋಡಬೇಕು.

ಸೀರೀಸಿನಲ್ಲಿ, ಅಂದರೆ ಒಂದರ ಹಿಂದೆ ಒಂದು ಸಿಕ್ಕಿಸಿದಾಗ, ಎರಡರಲ್ಲೂ ಹರಿಯುವ ಕರೆಂಟ್ ಒಂದೇ. ಹಾಗಾಗಿ ಓಮ್ ಜಾಸ್ತಿ ಇರುವುದಕ್ಕೆ ವಾಟ್ ಜಾಸ್ತಿ. ಪ್ಯಾರಲಲ್ಲಿನಲ್ಲಿ ಎರಡಕ್ಕೂ ವೋಲ್ಟೇಜ್ ಒಂದೇ. ಅಲ್ಲಿ ಓಮ್ ಕಡಿಮೆ ಇರುವುದಕ್ಕೆ ವಾಟ್ ಜಾಸ್ತಿ. ಒಂದು ಲೆಕ್ಕ ಮಾಡೋಣ. ನಿಮ್ಮ ಹತ್ತಿರ 4 ಓಮ್ 5 ವಾಟಿನದು ಒಂದು, 8 ಓಮ್ 10 ವಾಟಿನದು ಒಂದು ಇದೆ ಎನ್ನಿ. ಸೀರೀಸ್ ಹಾಕಿದರೆ 12 ಓಮ್. ಬಂದ ವಾಟಿನಲ್ಲಿ ಮೂರರಲ್ಲಿ ಎರಡು ಪಾಲು 8 ಓಮಿನದಕ್ಕೆ, ಒಂದು ಪಾಲು 4 ಓಮಿನದಕ್ಕೆ. ಎರಡೂ ತಮ್ಮ ತಮ್ಮ ಮಿತಿ ಒಟ್ಟಿಗೇ ಮುಟ್ಟುತ್ತವೆ. 15 ವಾಟ್ ತಡೆದುಕೊಳ್ಳುತ್ತವೆ. ಅವನ್ನೇ ಪ್ಯಾರಲಲ್ ಹಾಕಿ ನೋಡಿ. 4 ಓಮಿನ ಬಡಪಾಯಿಗೆ ಎರಡು ಪಾಲು ಹೋಗುತ್ತದೆ. ಅದು 5 ವಾಟ್ ಮುಟ್ಟುವಾಗ ದೊಡ್ಡದಕ್ಕೆ ಹೋಗಿರುವುದು 2.5 ಮಾತ್ರ. ಒಟ್ಟು 7.5 ವಾಟಿಗೇ ನಿಲ್ಲಿಸಬೇಕು. ಸ್ಪೀಕರ್ ಅವೇ, ತಂತಿ ಮಾತ್ರ ಬೇರೆ.

ಸೀರೀಸಿನಲ್ಲಿ ಇನ್ನೊಂದು ತೊಡಕಿದೆ. ಸ್ಪೀಕರಿನ ಇಂಪೀಡೆನ್ಸ್ ಒಂದೇ ಅಂಕಿ ಅಲ್ಲ, ಸ್ವರ ಬದಲಾದ ಹಾಗೆ ಬದಲಾಗುತ್ತದೆ. ಪ್ರತಿ ಸ್ಪೀಕರಿಗೂ ಒಂದು ಸ್ವಂತ ಸ್ವರ ಇದೆ, ರೆಸೊನೆನ್ಸ್. ಅಲ್ಲಿ 8 ಓಮಿನದು 40, 50 ಓಮ್ ಆಗಿಬಿಡಬಹುದು. ಬೇರೆ ಬೇರೆ ಜಾತಿಯ ಎರಡು ಸ್ಪೀಕರ್ ಸೀರೀಸ್ ಇದ್ದರೆ, ಒಂದು ಸ್ವರಕ್ಕೆ ಇದು ವೋಲ್ಟೇಜ್ ಕಸಿಯುತ್ತದೆ, ಇನ್ನೊಂದು ಸ್ವರಕ್ಕೆ ಅದು. ಕೇಳುವಾಗ ಕೆಲವು ಸ್ವರ ಎದ್ದು ಬರುತ್ತವೆ, ಕೆಲವು ಮುಳುಗುತ್ತವೆ. ಒಂದೇ ಥರದ ಸ್ಪೀಕರ್ ಆದರೆ ಎಲ್ಲದರ ಏರಿಳಿತವೂ ಒಂದೇ, ತಕರಾರಿಲ್ಲ. ಕುಮಟಾದವರು ಜೋಡಿ ಸಿಗುವುದು ಕಷ್ಟ ಎಂದದ್ದು ಇದಕ್ಕೇ.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟೇ. ಕಾಲಮ್ಮಿನ ನಾಲ್ಕನ್ನು ಒಟ್ಟಿಗೆ ಇಡಿ. ಎರಡೆರಡು ಸೀರೀಸ್ ಮಾಡಿದರೆ 16 ಮತ್ತು 16. ಆ ಎರಡು ಸಾಲನ್ನು ಪ್ಯಾರಲಲ್ ಮಾಡಿದರೆ ಮತ್ತೆ 8. ಪ್ರತಿಯೊಂದಕ್ಕೂ ಸರಿಯಾಗಿ ಕಾಲು ಪಾಲು. ನಿಮ್ಮ ಆಂಪ್ 12-0-12 ಮೇಲೆ 8 ಓಮಿಗೆ ಸುಮಾರು 9 ವಾಟ್ ಕೊಡುತ್ತದೆ. ತಲಾ ಎರಡು ಚಿಲ್ಲರೆ ವಾಟ್. ಅವು ಬೆವರುವುದೂ ಇಲ್ಲ. ಇನ್ನೊಂದು ಲಾಭ ಕೂಡ ಇದೆ. ನಾಲ್ಕು ಕೋನ್ ಹತ್ತಿರ ಹತ್ತಿರ ಒಟ್ಟಿಗೆ ತಳ್ಳುವಾಗ, ಅಷ್ಟೇ ವಾಟಿಗೆ, ಕೆಳಗಿನ ಸ್ವರಗಳಲ್ಲಿ ಒಂದೇ ಸ್ಪೀಕರಿಗಿಂತ 6 ಡೆಸಿಬೆಲ್‌ವರೆಗೆ ಜಾಸ್ತಿ ಬರುತ್ತದೆ.

ಹೊನ್ನಾವರದಿಂದ

ನನ್ನ ಹತ್ತಿರ ಮೈಕ್‌ಸೆಟ್ಟಿನ ಹಾರ್ನ್ ಒಂದಿದೆ, ಯೂನಿಟ್ ಸಮೇತ. ಸಣ್ಣ ಆಂಪಿಗೂ ಊರೆಲ್ಲ ಕೇಳುತ್ತದೆ. ಗಿಟಾರಿಗೆ ಹಾಕಬಹುದಾ?

ಮೈಕ್‌ಸೆಟ್ (ಕುಮಟಾ)

ಬೇಡ. ಹಾರ್ನ್ ಯೂನಿಟ್ಟಿನ ಪರದೆ ಬಹಳ ತೆಳು, ಅಲ್ಲಾಡುವ ಜಾಗವೂ ಕೂದಲಿನಷ್ಟು. ಗಿಟಾರಿನ ದಪ್ಪ ತಂತಿಯ ಸ್ವರ 82 ಹರ್ಟ್ಸ್. ಅಷ್ಟು ಕೆಳಗಿನ ಸ್ವರ ಹಾರ್ನಿನಿಂದ ಹೊರಗೆ ಬರುವುದಿಲ್ಲ, ಆದರೆ ಪರದೆಯನ್ನು ಮಾತ್ರ ಬಡಿಯುತ್ತದೆ. ಒಂದು ಸಂಜೆಯಲ್ಲಿ ಹರಿಯುತ್ತದೆ.

ಮಾಜಾಳಿ ಗಿಟಾರ್

ನಾನು ಇಪ್ಪತ್ತು ವರ್ಷದಿಂದ ಮದುವೆಗಳಲ್ಲಿ, ಗಡಿಯ ಆಚೆ ಗೋವಾ ಕಡೆಯೂ, ಬಾರಿಸುತ್ತಿದ್ದೇನೆ. ಲೆಕ್ಕ ಮೇಷ್ಟ್ರು ಹೇಳಿದ್ದಾರೆ, ನಾನು ಕಿವಿಯ ಮಾತು ಹೇಳುತ್ತೇನೆ.

ಗಿಟಾರ್ ಸ್ಪೀಕರ್ ಹಾಡು ಕೇಳುವ ಸ್ಪೀಕರ್ ಅಲ್ಲ. ಅದರ ಕೋನ್ ಹಗುರ, ಅಂಚು ಬಿಗಿ. 5000 ಹರ್ಟ್ಸ್ ದಾಟಿದ ಮೇಲೆ ಅದು ತಾನಾಗೇ ಸುಮ್ಮನಾಗುತ್ತದೆ. ಆ ಸುಮ್ಮನಾಗುವುದರಲ್ಲೇ ಗಿಟಾರಿನ ಸಿಹಿ ಇದೆ. ಡಿಸ್ಟಾರ್ಶನ್ (ಬೇಕೆಂದೇ ಸದ್ದು ಒಡೆಸುವುದು) ಹಾಕಿದಾಗ ಮೇಲಿನ ಸ್ವರಗಳಲ್ಲಿ ತಗಡು ಕೆರೆದ ಹಾಗೆ ಕಸ ಹುಟ್ಟುತ್ತದೆ. ಟ್ವೀಟರ್ ಇದ್ದರೆ ಆ ಕಸವನ್ನೆಲ್ಲ ಕೇಳಿಸುತ್ತದೆ. ಕಾರಿನ ಸ್ಪೀಕರ್ ಬಳಸುವುದೇ ಆದರೆ ಟ್ವೀಟರಿಗೆ ಹೋಗುವ ಪುಟ್ಟ ಕೆಪಾಸಿಟರಿನ ಒಂದು ಕಾಲು ಬಿಡಿಸಿ, ಟೇಪ್ ಸುತ್ತಿ.

ಹೋಂ ಥಿಯೇಟರಿನ ವೂಫರ್ ಬಗ್ಗೆಯೂ ಎಚ್ಚರ. ರಬ್ಬರ್ ಅಂಚು, ಭಾರದ ಕೋನ್, ನೋಡಲು ಗಂಭೀರ. ಆದರೆ ಒಂದು ವಾಟಿಗೆ 86, 88 ಡೆಸಿಬೆಲ್ ಕೊಟ್ಟರೆ ಹೆಚ್ಚು. ಒಳ್ಳೆಯ ಗಿಟಾರ್ ಸ್ಪೀಕರ್ 97ರ ಆಸುಪಾಸು. 9 ಡೆಸಿಬೆಲ್ ಅಂತರ ಅಂದರೆ ಅಷ್ಟೇ ಜೋರಿಗೆ ಎಂಟು ಪಟ್ಟು ವಾಟ್ ಬೇಕು. 9 ವಾಟಿನ ಆಂಪ್ ಇರುವವರು ಆಂಪ್ ಬದಲಿಸುವ ಮೊದಲು ಸ್ಪೀಕರ್ ಬದಲಿಸಬೇಕು.

ರೇಡಿಯೋದ ಆ 8 ಇಂಚಿನದನ್ನು ಮಾತ್ರ ಯಾರಿಗೂ ಕೊಡಬೇಡಿ. ವಾಲ್ವ್ ರೇಡಿಯೋದಲ್ಲಿ ಎರಡು ಮೂರು ವಾಟಿಗೇ ಇಡೀ ಪಡಸಾಲೆ ತುಂಬಬೇಕಿತ್ತು, ಅದಕ್ಕೆ ತಕ್ಕ ಹಗುರದ ಕಾಗದದ ಕೋನ್ ಹಾಕುತ್ತಿದ್ದರು. ಅದನ್ನು ಈ ನಾಲ್ಕರ ಜೊತೆ ಬೆರೆಸುವುದು ಪಾಪ. ಒಂಟಿಯಾಗಿ ಹಾಡಲಿ.

ಟಿವಿ ರಿಪೇರಿ (ಅಂಕೋಲಾ)

ನಿಮ್ಮ ನಾಲ್ಕನೆಯ ಸ್ಪೀಕರ್ ಬಗ್ಗೆ. ಏನೂ ತೋರಿಸುತ್ತಿಲ್ಲ ಅಂದ ಕೂಡಲೇ ಎಸೆಯಬೇಡಿ. ನಮ್ಮ ಕರಾವಳಿಯಲ್ಲಿ ಹತ್ತರಲ್ಲಿ ಹೆಚ್ಚಿನವು ಸಾಯುವುದು ಕಾಯಿಲ್ (ಕೋನಿಗೆ ಅಂಟಿದ ತಂತಿ ಸುರುಳಿ) ಸುಟ್ಟು ಅಲ್ಲ, ಉಪ್ಪು ಗಾಳಿಗೆ. ಇದು ನನ್ನ ಮೇಜಿನ ಅನುಭವ.

ಟರ್ಮಿನಲ್ಲಿಂದ ಕೋನಿಗೆ ಹೋಗುವ ಮೆತ್ತಗಿನ ಜಡೆಯಂಥ ತಂತಿ ಇದೆಯಲ್ಲ, ಅದನ್ನು ನೋಡಿ. ಹತ್ತಿ ನೂಲಿನ ಸುತ್ತ ತೆಳು ತಾಮ್ರದ ಪಟ್ಟಿ ಸುತ್ತಿ ಅದನ್ನು ಮಾಡಿರುತ್ತಾರೆ. ಕಿಲುಬು ಹಿಡಿದು ಹಸಿರಾಗಿದ್ದರೆ ಒಳಗೆ ತುಂಡಾಗಿದೆ ಎಂದೇ ಲೆಕ್ಕ. ಮೀಟರಿನ ಕಡ್ಡಿಗಳನ್ನು ಟರ್ಮಿನಲ್ ಬಿಟ್ಟು, ಕೋನಿನ ಮೇಲೆ ಜಡೆ ಮುಗಿಯುವ ಎರಡು ಬೆಸುಗೆ ಚುಕ್ಕೆಗಳ ಮೇಲೆ ಇಡಿ. ಅಲ್ಲಿ 6.4 ಬಂದರೆ ಕಾಯಿಲ್ ಜೀವಂತ.

ಬದಲಿಸುವಾಗ ಮಾಮೂಲಿ ತಂತಿ ಹಾಕಬೇಡಿ, ಅದು ಗಡಸು, ನಾಲ್ಕು ದಿನ ಅಲ್ಲಾಡಿ ಮುರಿಯುತ್ತದೆ. ಸತ್ತ ಇನ್ನೊಂದು ಸ್ಪೀಕರಿನಿಂದ ಜಡೆ ತೆಗೆದು ಹಾಕಿ. ಬೆಸುಗೆ ಹಾಕುವಾಗ ಸೀಸ ಜಡೆಯೊಳಗೆ ಏರದ ಹಾಗೆ ನೋಡಿಕೊಳ್ಳಿ. ಏರಿದಷ್ಟು ದೂರ ಅದು ಕಡ್ಡಿಯಾಗುತ್ತದೆ, ಕಡ್ಡಿಯಾದಲ್ಲೇ ಮುರಿಯುತ್ತದೆ. ಬೇಗ ಮುಟ್ಟಿಸಿ, ಬೇಗ ತೆಗೆಯಿರಿ. ಉದ್ದವೂ ಮೊದಲಿನಷ್ಟೇ ಇರಲಿ. ಬಿಗಿಯಾದರೆ ಕೋನನ್ನು ಎಳೆಯುತ್ತದೆ, ಸಡಿಲವಾದರೆ ಕೋನಿಗೆ ಬಡಿಯುತ್ತದೆ.

ಇನ್ನು ಬೂಸಲು. ಒದ್ದೆ ಬಟ್ಟೆ ಮುಟ್ಟಿಸಲೇಬೇಡಿ. ಒಣ ಮೆತ್ತಗಿನ ಬ್ರಷ್ಷಿನಿಂದ ನಡುವಿನಿಂದ ಅಂಚಿನ ಕಡೆಗೆ ಒರೆಸಿ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಬಿಸಿಲಿಗಿಂತ ನೆರಳಿನ ಗಾಳಿ ಒಳ್ಳೆಯದು, ಕಡು ಬಿಸಿಲಿಗೆ ಅಂಟು ಬಿಡುತ್ತದೆ. ಕೆಲಸ ಮಾಡುವ ಮೇಜಿನ ಮೇಲೆ ಕಬ್ಬಿಣದ ಪುಡಿ ಇರಬಾರದು. ಒಮ್ಮೆ ಮ್ಯಾಗ್ನೆಟ್ಟಿನ ಸಂದಿಗೆ ಹೋದರೆ ತೆಗೆಯುವುದು ಬಲು ಕಷ್ಟ.

ಕೊನೆಗೆ ಕೋನನ್ನು ಎರಡೂ ಕಡೆ ಬೆರಳಿಟ್ಟು ಸಮನಾಗಿ, ಮೆಲ್ಲಗೆ ಒತ್ತಿ ಬಿಡಿ. ಕಿವಿ ಹತ್ತಿರ ಇರಲಿ. ಸರ್ ಅಂತ ಉಜ್ಜುವ ಸದ್ದು ಬಂದರೆ ಕಾಯಿಲ್ ಬದಿಗೆ ತಾಗುತ್ತಿದೆ.

ಕಾಳಿ ದಂಡೆ

ನೀವು ಹೇಳಿದ ಹಾಗೇ ಆಯಿತು. ಜಡೆ ಹಸಿರು, ಮುಟ್ಟಿದರೆ ಪುಡಿ. ಕೋನಿನ ಚುಕ್ಕೆಗಳ ಮೇಲೆ 6.4! ಖುಷಿಗೆ ಮನೆಯವರನ್ನೆಲ್ಲ ಕರೆದು ತೋರಿಸಿದೆ. ಜಡೆ ಬದಲಿಸಿದೆ. ಮೊದಲ ಸಲ ಸೀಸ ಏರಿತು, ಎರಡನೇ ಸಲ ಸರಿ ಬಂತು. ಉಜ್ಜುವ ಸದ್ದಿಲ್ಲ.

ನಿನ್ನೆ ರಾತ್ರಿ ನಾಲ್ಕನ್ನೂ ಮೇಷ್ಟ್ರು ಹೇಳಿದ ಹಾಗೆ ಜೋಡಿಸಿದೆ. ಮೀಟರ್ 6.4 ತೋರಿಸಿತು, ಲೆಕ್ಕ ಸರಿ. ಆದರೆ ಸದ್ದು ನಿರಾಸೆ ಮಾಡಿತು. ತೆಳ್ಳಗೆ, ಟೊಳ್ಳು. ದಪ್ಪ ತಂತಿ ಮೀಟಿದರೆ ದೂರದಲ್ಲಿ ಯಾರೋ ಬಾರಿಸಿದ ಹಾಗೆ. ಒಂದೇ ಸ್ಪೀಕರ್ ಹಾಕಿದಾಗ ಇದಕ್ಕಿಂತ ತುಂಬಿ ಬರುತ್ತಿತ್ತು. ಎಲ್ಲಿ ತಪ್ಪಿದೆ?

ಶಿರಸಿ ಮೇಷ್ಟ್ರು

ಒಂದು ಸ್ಪೀಕರ್ ತಿರುಗಾಮುರುಗಾ ಆಗಿದೆ. ಮೀಟರಿಗೆ ಪ್ಲಸ್ ಮೈನಸ್ ಗೊತ್ತಾಗುವುದಿಲ್ಲ, ಅದಕ್ಕೆ ಓಮ್ ಸರಿ ಬಂತು. ಮೂರು ಕೋನ್ ಮುಂದೆ ತಳ್ಳುವಾಗ ಒಂದು ಹಿಂದೆ ಎಳೆಯುತ್ತಿದೆ. ಒಂದು ತಳ್ಳಿದ ಗಾಳಿಯನ್ನು ಇನ್ನೊಂದು ನುಂಗುತ್ತದೆ. ಕೆಳಗಿನ ಸ್ವರಗಳಲ್ಲಿ ಅಲೆ ಉದ್ದ, 82 ಹರ್ಟ್ಸ್ ಅಂದರೆ ನಾಲ್ಕು ಮೀಟರಿಗಿಂತ ಜಾಸ್ತಿ. ಪಕ್ಕಪಕ್ಕದ ಸ್ಪೀಕರ್‌ಗಳಿಗೆ ಅಲ್ಲಿ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಅದಕ್ಕೇ ದಪ್ಪ ತಂತಿ ಮಾಯ.

ಎಲ್ಲ ತಂತಿ ಬಿಡಿಸಿ. 1.5 ವೋಲ್ಟಿನ ಪೆನ್ಸಿಲ್ ಸೆಲ್ ತೆಗೆದುಕೊಳ್ಳಿ. ಒಂದೊಂದೇ ಸ್ಪೀಕರಿಗೆ ಅರೆ ಕ್ಷಣ ಮುಟ್ಟಿಸಿ ಕೋನ್ ನೋಡಿ. ಹೊರಗೆ ಚಿಮ್ಮಿದರೆ ಸೆಲ್ಲಿನ ಪ್ಲಸ್ ಮುಟ್ಟಿದ ಟರ್ಮಿನಲ್ಲೇ ಪ್ಲಸ್. ಅಲ್ಲಿ ಕೆಂಪು ಚುಕ್ಕೆ ಹಾಕಿ. ಒಳಗೆ ಹೋದರೆ ಇನ್ನೊಂದು ಕಡೆ ಚುಕ್ಕೆ. ಹಳೇ ಗುರುತನ್ನು ನಂಬಬೇಡಿ, ಕಣ್ಣು ಹೇಳಿದ್ದನ್ನು ನಂಬಿ. 9 ವೋಲ್ಟಿನ ಬ್ಯಾಟರಿ ಬೇಡ.

ಆಮೇಲೆ ಒಂದು ಸಾಲಿನಲ್ಲಿ ಮೊದಲನೆಯದರ ಚುಕ್ಕೆ ಇಲ್ಲದ ಕಡೆ ಎರಡನೆಯದರ ಚುಕ್ಕೆಗೆ. ಇನ್ನೊಂದು ಸಾಲೂ ಹಾಗೇ. ಎರಡು ಸಾಲಿನಲ್ಲೂ ಉಳಿದ ಚುಕ್ಕೆಗಳು ಸೇರಿ ಆಂಪಿನ ಪ್ಲಸ್ಸಿಗೆ, ಉಳಿದ ಬರೀ ತುದಿಗಳು ಸೇರಿ ಮೈನಸ್ಸಿಗೆ.

ಬಿಡಿಸಿದ್ದೀರಲ್ಲ, ಹೇಗೂ ಇನ್ನೊಂದು ಅಳತೆ ಮಾಡಿಬಿಡಿ. ಫೋನಿನಲ್ಲಿ ಟೋನ್ ಕೊಡುವ ಆ್ಯಪ್ ಹಾಕಿ, ಆಂಪಿನ ಮೂಲಕ 400 ಹರ್ಟ್ಸ್ ಕೊಡಿ. ಸ್ಪೀಕರಿನ ಜೊತೆ 10 ಓಮ್, 5 ವಾಟಿನ ರೆಸಿಸ್ಟರ್ ಸೀರೀಸ್ ಇರಲಿ. ಎಸಿ ವೋಲ್ಟಿನಲ್ಲಿ ಸ್ಪೀಕರ್ ಮೇಲೆ ಎಷ್ಟು, ರೆಸಿಸ್ಟರ್ ಮೇಲೆ ಎಷ್ಟು ನೋಡಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ 10ರಿಂದ ಗುಣಿಸಿದರೆ ನಿಜವಾದ ಇಂಪೀಡೆನ್ಸ್. ಹಾಗೇ ಟೋನನ್ನು 60ರಿಂದ ಮೇಲಕ್ಕೆ ಮೆಲ್ಲಗೆ ಏರಿಸಿ. ಸ್ಪೀಕರ್ ಮೇಲಿನ ವೋಲ್ಟ್ ಎಲ್ಲಿ ಶಿಖರ ಮುಟ್ಟುತ್ತದೋ ಅದು ಅದರ ರೆಸೊನೆನ್ಸ್. ನಾಲ್ಕರ ಅಂಕಿಯೂ ಹತ್ತಿರ ಹತ್ತಿರ ಇದ್ದರೆ ಅದಕ್ಕಿಂತ ಒಳ್ಳೆಯ ಜೋಡಿ ಅಂಗಡಿಯಲ್ಲೂ ಸಿಗುವುದಿಲ್ಲ.

ಕಾಳಿ ದಂಡೆ

ಜಡೆ ಬದಲಿಸಿದ ಸ್ಪೀಕರೇ! ಎರಡು ಜಡೆಗಳನ್ನು ನಾನೇ ಅದಲು ಬದಲು ಬೆಸೆದಿದ್ದೆ. ಸೆಲ್ ಮುಟ್ಟಿಸಿದಾಗ ಅದೊಂದೇ ಒಳಗೆ ಹೋಯಿತು.

ಅಳತೆ: 400 ಹರ್ಟ್ಸಿನಲ್ಲಿ ರೆಸಿಸ್ಟರ್ ಮೇಲೆ 1 ವೋಲ್ಟ್ ಇಟ್ಟುಕೊಂಡೆ. ಸ್ಪೀಕರ್ ಮೇಲೆ 0.81, 0.82, 0.81, 0.82. ಅಂದರೆ 8 ಓಮ್ ಚಿಲ್ಲರೆ. ರೆಸೊನೆನ್ಸ್ 96, 99, 97, ಮತ್ತು ರಿಪೇರಿ ಮಾಡಿದ್ದು 104.

ಮತ್ತೆ ಜೋಡಿಸಿ ದಪ್ಪ ತಂತಿ ಮೀಟಿದೆ. ಮೇಜಿನ ಮೇಲಿದ್ದ ಸ್ಟೀಲ್ ಲೋಟ ಗುಣುಗಿತು. ಒಂದೇ ತಂತಿಯ ದಿಕ್ಕಿಗೆ ಇಷ್ಟು ವ್ಯತ್ಯಾಸ ಇರುತ್ತದೆ ಅಂತ ಓದಿದ್ದರೆ ನಂಬುತ್ತಿರಲಿಲ್ಲ.

ಪೆಟ್ಟಿಗೆ ಹೇಗೆ ಮಾಡಲಿ? ಹಳೇ ಕಾಲಂ ಪೆಟ್ಟಿಗೆ ಗೆದ್ದಲು ತಿಂದಿದೆ.

ಮಾಜಾಳಿ ಗಿಟಾರ್

ಎರಡರ ಮೇಲೆ ಎರಡು ಇಡಿ. ಹಿಂಬದಿ ಪೂರ್ತಿ ಮುಚ್ಚಬೇಡಿ. ಮೇಲೆ ಒಂದು ಹಲಗೆ, ಕೆಳಗೆ ಒಂದು ಹಲಗೆ, ನಡುವೆ ಮೂರರಲ್ಲಿ ಒಂದು ಭಾಗ ತೆರೆದಿರಲಿ. ಚಿಕ್ಕ ಪೆಟ್ಟಿಗೆಯನ್ನು ಪೂರ್ತಿ ಮುಚ್ಚಿದರೆ ಒಳಗಿನ ಗಾಳಿ ಸ್ಪ್ರಿಂಗಿನ ಹಾಗೆ ಬಿಗಿಯುತ್ತದೆ, ರೆಸೊನೆನ್ಸ್ ಮೇಲೇರುತ್ತದೆ. ನಿಮ್ಮದು ಆಗಲೇ 97ರ ಸುತ್ತ ಇದೆ, ಇನ್ನೂ ಏರಿದರೆ ದಪ್ಪ ತಂತಿ ಬಡವಾಗುತ್ತದೆ. ಹಿಂದೆ ತೆರೆದ ಪೆಟ್ಟಿಗೆ ಕೋಣೆಯನ್ನೆಲ್ಲ ತುಂಬುತ್ತದೆ. ಗೋಡೆಯಿಂದ ಒಂದು ಗೇಣು ದೂರ ಇಡಿ.

ಮೈಕ್‌ಸೆಟ್ (ಕುಮಟಾ)

ನಾನಾದರೆ ನಾಲ್ಕನ್ನೂ ಒಂದರ ಮೇಲೊಂದು ನಿಲ್ಲಿಸುತ್ತಿದ್ದೆ. ಕಾಲಂ ಸದ್ದನ್ನು ಎಡಬಲಕ್ಕೆ ಹರಡುತ್ತದೆ, ಮೇಲೆ ಕೆಳಗೆ ಪೋಲು ಮಾಡುವುದಿಲ್ಲ. ಜನರ ಮುಂದೆ ಬಾರಿಸುವಾಗ ಅದು ಒಳ್ಳೆಯದು. ಮನೆಗಾದರೆ ಮಾಜಾಳಿಯವರು ಹೇಳಿದ್ದಕ್ಕೆ ಅಡ್ಡಿಲ್ಲ.

ತಂತಿ ವಿಷಯ ಮರೆಯಬೇಡಿ. ಆಂಪಿನಿಂದ ಸ್ಪೀಕರಿಗೆ ಗಿಟಾರ್ ಕೇಬಲ್ ಬಳಸುವವರನ್ನು ನೋಡಿದ್ದೇನೆ. ಅದರ ಒಳ ಎಳೆ ಕೂದಲಿನಂತೆ ತೆಳು, ಅದು ಸಿಗ್ನಲ್ಲಿಗೆ ಮಾಡಿದ್ದು. 1 ಚದರ ಮಿಲಿಮೀಟರಿನ ಎರಡೆಳೆ ತಂತಿ ಸಾಕು. ಆಂಪ್ ಆನ್ ಇರುವಾಗ ಸ್ಪೀಕರ್ ತಂತಿ ಎಳೆದಾಡಬೇಡಿ, ಎರಡು ತುದಿ ತಾಗಿದರೆ ಶಾರ್ಟ್. ಮುಂದೆ ಯಾವತ್ತಾದರೂ ವಾಲ್ವ್ ಆಂಪ್ ಮಾಡಿದರೆ ಅದರ ನಿಯಮ ಬೇರೆ, ಸ್ಪೀಕರ್ ಇಲ್ಲದೆ ಓಡಿಸಲೇಬಾರದು, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹೋಗುತ್ತದೆ. ಅದರೊಳಗೆ 300 ವೋಲ್ಟ್ ದಾಟಿದ ಡಿಸಿ ಇರುತ್ತದೆ, ಪ್ಲಗ್ ತೆಗೆದ ಮೇಲೂ ಕೆಪಾಸಿಟರಿನಲ್ಲಿ ಉಳಿದಿರುತ್ತದೆ. ಹಿರಿಯರೊಬ್ಬರು ಪಕ್ಕದಲ್ಲಿ ಇಲ್ಲದೆ ಮುಟ್ಟಬೇಡಿ.

ಕಾರವಾರದಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ದಾಟಿ ಮಳೆ. ಮಳೆಗಾಲದಲ್ಲಿ ಆಂಪನ್ನು ದಿನಾ ಅರ್ಧ ಗಂಟೆ ಬಾರಿಸಿ. ಬೆಚ್ಚಗಿದ್ದರೆ ಬೂಸಲು ಹತ್ತುವುದು ಕಡಿಮೆ. ಜಡೆಗಳ ಬೆಸುಗೆ ಮೇಲೆ ಒಂದು ಹನಿ ವಾರ್ನಿಶ್ ಹಚ್ಚಿ. ಜಡೆಗೆ ಹಚ್ಚಬೇಡಿ, ಬೆಸುಗೆಗೆ ಮಾತ್ರ.

ಶಿರಸಿ ಮೇಷ್ಟ್ರು

ಟಿವಿಯ ಎರಡು 16 ಓಮಿನವು ಉಳಿದಿವೆಯಲ್ಲ. ಅವೂ ಒಂದೇ ಟಿವಿಯಿಂದ ಬಂದ ಜೋಡಿ. ಪ್ಯಾರಲಲ್ ಮಾಡಿದರೆ 8 ಓಮ್, 10 ವಾಟ್. ಬೇಕಾದರೆ ಒಂದು ಸ್ವಿಚ್ ಇಟ್ಟು ನಾಲ್ಕರ ಬದಲು ಇವನ್ನು ಕೇಳಿ ನೋಡಬಹುದು. ಎರಡು ಗುಂಪನ್ನೂ ಒಟ್ಟಿಗೆ ಹಾಕಿದರೆ 4 ಓಮ್, ಆಂಪ್ ತಡೆಯುತ್ತದೆ, ಹೀಟ್‌ಸಿಂಕ್ ಮಾತ್ರ ದೊಡ್ಡದು ಬೇಕು.

ಕಾಳಿ ದಂಡೆ

ಮೂರು ವಾರ ಆಯಿತು. ಪೆಟ್ಟಿಗೆ ಮುಗಿದಿದೆ. ಹಳೇ ಕಪಾಟಿನ 18 ಮಿಲಿಮೀಟರ್ ಪ್ಲೈವುಡ್, ಎರಡರ ಮೇಲೆ ಎರಡು, ಹಿಂದೆ ನಡುಭಾಗ ತೆರೆದಿದೆ. ಮುಂದೆ ಅಮ್ಮನ ಹಳೇ ಹತ್ತಿ ಸೀರೆಯ ತುಂಡು ಬಿಗಿದಿದ್ದೇನೆ.

ಒಡೆಯದೆ ಎಷ್ಟು ಜೋರು ಬರುತ್ತದೆ ಅಂತ 400 ಹರ್ಟ್ಸ್ ಟೋನ್ ಕೊಟ್ಟು ನೋಡಿದೆ. ಔಟ್‌ಪುಟ್ಟಿನಲ್ಲಿ 8.5 ವೋಲ್ಟ್ ತನಕ ಸ್ವಚ್ಛ. 8 ಓಮಿಗೆ ಹಾಕಿದರೆ 9 ವಾಟ್. ಮೇಷ್ಟ್ರ ಅಂದಾಜು ಸರಿಯಾಗಿ ಕೂತಿತು. ಒಂದು ಗಂಟೆ ಬಾರಿಸಿದ ಮೇಲೂ ಹೀಟ್‌ಸಿಂಕ್ ಮೇಲೆ ಬೆರಳಿಡಬಹುದು.

ಟಿವಿ ಜೋಡಿಯನ್ನೂ ಸ್ವಿಚ್ಚಿಗೆ ಹಾಕಿದೆ. ಅದು ಮೂಗಿನಲ್ಲಿ ಹಾಡುತ್ತದೆ, ಡಿಸ್ಟಾರ್ಶನ್ ಹಾಕಿದಾಗ ಮಾತ್ರ ತುಂಬಾ ಚೆನ್ನಾಗಿದೆ. ಎರಡನ್ನೂ ಒಟ್ಟಿಗೆ ಹಾಕಿದರೆ ಜೋರು ಜಾಸ್ತಿ, ಸ್ಪಷ್ಟತೆ ಕಡಿಮೆ. ಆ ಸ್ವಿಚ್ ಸ್ಥಾನವನ್ನು ತೆಗೆದುಬಿಟ್ಟೆ. ಕಾರಿನ ಸ್ಪೀಕರ್ ಯಾರಿಗಾದರೂ ಬೇಕಿದ್ದರೆ ಕೊಡುತ್ತೇನೆ.

ರೇಡಿಯೋದ 8 ಇಂಚಿನದಕ್ಕೆ ಅದರದೇ ಮರದ ಪೆಟ್ಟಿಗೆ ಅಜ್ಜಿ ಮನೆಯ ಅಟ್ಟದಲ್ಲಿ ಸಿಕ್ಕಿತು. ಎಲ್‌ಎಂ386 ಐಸಿ, 9 ವೋಲ್ಟ್, ಅರ್ಧ ವಾಟ್ ಕೂಡ ಇರಲಿಕ್ಕಿಲ್ಲ. ನಿನ್ನೆ ಸಂಜೆ ಜಗುಲಿಯಲ್ಲಿಟ್ಟು ಬಾರಿಸಿದೆ. ಅಜ್ಜಿ ಒಳಗಿಂದ ಬಂದು ಪೆಟ್ಟಿಗೆಯ ಮೇಲೆ ಕೈಯಿಟ್ಟು ನಿಂತರು. ಹಾಡು ಮುಗಿಯುವವರೆಗೆ ಕೈ ತೆಗೆಯಲಿಲ್ಲ.

ಮಾಜಾಳಿ ಗಿಟಾರ್

ಭಾನುವಾರ ಗಿಟಾರ್ ಹಿಡಿದು ಸೇತುವೆ ದಾಟಿ ಬರುತ್ತೇನೆ. ರೇಡಿಯೋ ಪೆಟ್ಟಿಗೆಯನ್ನು ಮೊದಲು ಕೇಳಬೇಕು. ಕಾರಿನ ಸ್ಪೀಕರ್ ನನಗೆ ಇರಲಿ, ಅದಕ್ಕೆ ಜೋಡಿಯಾಗುವ ಇನ್ನೊಂದು ನನ್ನ ಹತ್ತಿರ ಇದೆ ಅನ್ನಿಸುತ್ತದೆ. ಮೀಟರ್, ಒಂದು ಪೆನ್ಸಿಲ್ ಸೆಲ್ ತೆಗೆದಿಟ್ಟಿರಿ.